ಜೀಪಿಗಿಂತ ಮುಂಚೆ ಹರಿಹರ ಮುಟ್ಟಿದ ಸುದ್ದಿ

ಆ ಬೆಳಿಗ್ಗೆ ನಸೀಮಾ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದಾಗ ನಾನೂ ದಿಲ್ಷಾದ್ ಬೇಗಂ ಅವರೂ ಮಂಡಕ್ಕಿ ತಿನ್ನುತ್ತಿದ್ದೆವು. ಬೇಗಂ ಉರ್ದು ಶಾಲೆಯ ನಿವೃತ್ತ ಹೆಡ್‌ಮಿಸ್ಸು. ದಾವಣಗೆರೆಯ ನಮ್ಮ ವಿದ್ಯಾನಗರದಲ್ಲಿ ಬಳೆ ಕಳೆದರೂ ಅಳಿಯ ಕಳೆದರೂ ಜನ ಠಾಣೆಗಿಂತ ಮೊದಲು ಅವರ ಬಾಗಿಲಿಗೇ ಬರುತ್ತಿದ್ದರು. ಪಕ್ಕದ ಮನೆಯ ಪುಟ್ಟಕ್ಕನಾದ ನಾನು ಎಲ್ಲ ಪತ್ತೆಗೂ ಅವರ ಬೆನ್ನಿಗೆ.

ನಸೀಮಾಳ ಗಂಡ ಹಿದಾಯತ್ ಮಾರಾಟ ತೆರಿಗೆ ಕಚೇರಿಯ ಜೀಪ್ ಡ್ರೈವರ್. ಆ ಕಚೇರಿಯವರು ಹರಿಹರಕ್ಕೆ ದಾಳಿಗೆ ಹೋದಾಗಲೆಲ್ಲ ಅಲ್ಲಿನ ವ್ಯಾಪಾರಿಗಳು ಶಟರ್ ಎಳೆದು ಯಾವುದೋ ಮದುವೆಗೆ ಹೋಗಿರುತ್ತಿದ್ದರಂತೆ. ದಾಳಿ ಎಲ್ಲಿಗೆಂದು ಮುಂಚೆ ತಿಳಿಯುತ್ತಿದ್ದುದು ಸಾಹೇಬ ಮಾಲತೇಶಪ್ಪನವರಿಗೂ ಹಿದಾಯತನಿಗೂ ಮಾತ್ರ. ಹಿದಾಯತನ ಹುಟ್ಟೂರು ಹರಿಹರ. ಇನ್ನೇನು ಬೇಕು? ಅವನನ್ನು ಕೆಲಸದಿಂದ ತೆಗೆಯುವ ಆದೇಶಕ್ಕೆ ಸಂಜೆ ಸಹಿ ಬೀಳುವುದಿತ್ತು.

"ಸಾಹೇಬ್ರು ಕೆಟ್ಟೋರಲ್ಲ ಆಪಾ," ಎಂದು ನಸೀಮಾ ಮೂಗು ಒರೆಸಿಕೊಂಡಳು. "ವ್ಯಾಪಾರಿಗಳ ಹತ್ರ ಒಂದ್ ಲೋಟ ನೀರೂ ಮುಟ್ಟಬ್ಯಾಡ್ರಿ ಅಂತಾರೆ. ಅದಕ್ಕೇ ಹರಿಹರಕ್ಕೆ ಹೋಗೋದಿದ್ರೆ ನಮ್ಮವ್ರು ಬೆಳಿಗ್ಗೇನೇ ಜೀಪಿನ ಹಿಂದೆ ನೀರಿನ ಹೂಜಿ ಕಟ್ತಾರೆ. ಅಂಥಾ ಸಾಹೇಬ್ರು ಹಿಂಗ್ ಮಾಡಾದಾ?"

"ದಾವಣಗೆರೆ ಒಳಗಿನ ದಾಳಿ?" ಎಂದು ಬೇಗಂ ಕೇಳಿದರು.

"ಅಲ್ಲಿ ಅಂಗಡಿಯವ್ರು ಸಿಕ್ಕೇ ಬೀಳ್ತಾರೆ."

ಬೇಗಂ ಮಂಡಕ್ಕಿ ತಟ್ಟೆ ಬದಿಗೆ ಸರಿಸಿದರು.

ನಾವಿಬ್ಬರೂ ತೆರಿಗೆ ಕಚೇರಿಗೆ ಹೊರಟೆವು. ಕಚೇರಿಯ ಎದುರಿಗೆ ಕೆಂಚವೀರಪ್ಪನ ಎಣ್ಣೆ ಅಂಗಡಿ. ಬೇಗಂ ಮೊದಲು ಅಲ್ಲಿಗೇ ನುಗ್ಗಿ ಕುಸುಬೆ ಎಣ್ಣೆ ಕೊಂಡರು. ಕೆಂಚವೀರಪ್ಪ ಕೂಡ್ರಿ ಎಂದು ಉಪಚರಿಸಿ, ಹರಿಹರದ ಬೀಗರ ಅಂಗಡಿ ತನ್ನದಕ್ಕಿಂತ ದೊಡ್ಡದೆಂದು ಕೊಚ್ಚಿಕೊಂಡ. ಬಿಲ್ ಕೇಳಿದರೆ ನಕ್ಕ. "ಯಾಕ್ರಿ ಟೀಚರಮ್ಮ, ಸುಮ್ನೆ ತೆರಿಗೆ ಬೀಳ್ತೈತೆ." ಗಲ್ಲಾದ ಮೇಲಿನ ಫೋನು ನನಗೂ ಕಂಡಿತ್ತು, ಆದರೆ ನನಗೇನೂ ಹೊಳೆಯಲಿಲ್ಲ.

ಮಾಲತೇಶಪ್ಪನವರ ಮಗಳು ಬೇಗಂ ಹತ್ತಿರ ಪಾಠಕ್ಕೆ ಬರುತ್ತಿದ್ದಳು. ಹಾಗಾಗಿ ಬೇಗಂ ಕಚೇರಿಗೆ ಹೋಗಿ ಒಂದು ಪರೀಕ್ಷೆ ಮಾಡಿ ನೋಡೋಣ ಎಂದಾಗ ಅವರಿಗೆ ಇಲ್ಲವೆನ್ನಲಾಗಲಿಲ್ಲ. ಬೇಗಂ ಹಿದಾಯತನನ್ನು ಸಾಹೇಬರ ಕಣ್ಣೆದುರೇ ಕೂರಿಸಿದರು. ಯಾರಿಗೂ ಏನೂ ಹೇಳದೆ ಜವಾನನಿಂದ ಕಚೇರಿ ಮುಂದೆ ನಿಂತ ಜೀಪಿಗೆ ಹೂಜಿ ಕಟ್ಟಿಸಿದರು. ಸ್ವಲ್ಪ ಹೊತ್ತು ಬಿಟ್ಟು ಸಾಹೇಬರೂ ಹಿದಾಯತನೂ ಸೇರಿ ನಾವೆಲ್ಲ ಹಿಂದಿನ ಬಾಗಿಲಿಂದ ಸುತ್ತಿ ಎಣ್ಣೆ ಅಂಗಡಿಗೆ ಹೋದೆವು.

ಕೆಂಚವೀರಪ್ಪ ಫೋನಿನಲ್ಲಿದ್ದ. "ಬೀಗ್ರೇ, ಹೂಜಿ ಏರೈತೆ. ಶಟರ್ ಎಳೀರಿ."

ಎಣ್ಣೆ ಡಬ್ಬಗಳ ನಡುವೆಯೇ ಬೇಗಂ ಪಾಠ ಶುರುಮಾಡಿದರು. "ಹಿದಾಯತ್ ಗುಟ್ಟು ಮಾರೋನಾಗಿದ್ರೆ ಊರೊಳಗಿನ ದಾಳೀನೂ ಮಾರ್ತಿದ್ದ. ಹರಿಹರದ್ದು ಮಾತ್ರ ಯಾಕ ಸೋರ್ತೈತೆ? ಹೂಜಿ ಕಟ್ಟೋದು ಅಲ್ಲಿಗೆ ಮಾತ್ರ. ಅದು ಕಾಣೋ ಜಾಗದಾಗೆ ಫೋನೂ ಐತೆ, ಹರಿಹರದಾಗೆ ಬೀಗರೂ ಅದಾರೆ. ಸುದ್ದಿನ ಬೀದಿಗೆ ಇಟ್ಟೋರು ನೀವೇ, ಸಾಹೇಬ್ರೇ."

ಮಾಲತೇಶಪ್ಪನವರು ಜೇಬಿನಲ್ಲಿದ್ದ ಆದೇಶವನ್ನು ತೆಗೆದು ಹರಿದರು.

"ಬೀದೀಲಿದ್ದದ್ದು ನೋಡಿದ್ರೆ ತಪ್ಪೇನ್ರಿ?" ಎಂದ ಕೆಂಚವೀರಪ್ಪ.

"ತಪ್ಪಿಲ್ಲ," ಎಂದರು ಸಾಹೇಬರು. "ಈಗ ನಾವು ನೋಡ್ತೀವಿ. ಬಿಲ್ ಬುಕ್ ತೆಗೀರಿ. ಹಿದಾಯತ್, ಬಾಗಿಲಲ್ಲಿ ನಿಂತ್ಕೋ. ಮುಗಿಯೋವರ್ಗೂ ಯಾರನ್ನೂ ಬಿಡಬ್ಯಾಡ."

ಹಿದಾಯತ್ ಎದೆ ಸೆಟೆಸಿ ನಿಂತ. ಮನೆಗೆ ಹೊರಟ ನಮ್ಮಿಬ್ಬರಿಗೂ ಕೈ ಅಡ್ಡ ಹಿಡಿದ.

"ಮಾಫ್ ಮಾಡ್ರಿ ಆಪಾ," ಎಂದ. "ನಾನೀಗ ಡ್ಯೂಟಿ ಮೇಲೈದೀನಿ."