ಮೇಲೇಳದ ತೋಳು

ಖಂಡೇರಾಜುರಿಯ ಕುರಿದೊಡ್ಡಿಯಲ್ಲಿ ಕುರಿಗಾರ ಶಿದ್ರಾಮನ ಹೆಣ ಗೋಡೆಗೆ ಒರಗಿತ್ತು. ನೆತ್ತಿಯ ತುಂಬ ಕೊಡಲಿಯ ಕಚ್ಚುಗಳು. ಒಂದು ಕಿವಿ ತುಂಡಾಗಿ ಕುತ್ತಿಗೆಗೆ ಜೋತಾಡುತ್ತಿತ್ತು. ಹರಿದ ರಕ್ತ ಹಿಕ್ಕೆಗಳೊಡನೆ ಹೆಪ್ಪುಗಟ್ಟಿತ್ತು.

ಇನ್ಸ್‌ಪೆಕ್ಟರ್ ಭೂಪಾಲ ಪಾಟೀಲರು ಲೆಕ್ಕ ಹಾಕಿದರು. ಸತ್ತವನು ಆರಡಿಯ ಆಳು. ನಿಂತವನ ನೆತ್ತಿಗೆ ಏಟು ಹಾಕಲು ತೋಳು ತಲೆಗಿಂತ ಮೇಲೇಳಬೇಕು.

ಹಗೆಯವರು ಇಬ್ಬರೇ: ಕುರಿಗಾರ ಅಮರ, ಅವನ ತಮ್ಮ ದಿಲೀಪ. ಮೇವಿನ ಜಗಳದಲ್ಲಿ ಶಿದ್ರಾಮ ಇಬ್ಬರನ್ನೂ ಒಡ್ಡಿನಿಂದ ಕೆಳಗೆ ನೂಕಿದ್ದ. ಇಬ್ಬರ ಬಲಭುಜದ ಕೀಲೂ ತಪ್ಪಿತ್ತು. ಅಣ್ಣ ಸಾಂಗಲಿಯಲ್ಲಿ, ತಮ್ಮ ಮಿರಜದಲ್ಲಿ ಆಪರೇಶನ್ ಮಾಡಿಸಿಕೊಂಡಿದ್ದರು.

"ನನ್ನ ಕೈ ನೋಡ್ರಿ ಸಾಹೇಬ್ರ," ಎಂದ ಅಮರ. "ಭುಜದ ಮಟ್ಟಕ್ಕ ನಿಲ್ಲತೈತಿ. ತಲಿಗೆ ಪಟಕಾ ಸೈತ ಹೇಣ್ತಿ ಸುತ್ತತಾಳ."

"ತಮ್ಮಂದು?"

"ಪೂರಾ ಏಳತೈತಿರಿ. ಹೇಳಬಾರದಿತ್ತು. ನೀವು ಕೇಳಿದ್ರಿ."

ದಿಲೀಪನನ್ನು ಕೋಣೆಗೆ ತಳ್ಳಿದರು. ಅವನ ಹೆಂಡತಿ ಛಾಯಾ ಠಾಣೆಯ ಬಾಗಿಲಲ್ಲೇ ಕುಳಿತಳು.

"ಕೈ ಚಲೋ ಆಗಿದ್ದ ತಪ್ಪಾತೇನ್ರಿ ಸಾಹೇಬ್ರ? ಆಪರೇಶನ್ ಕೆಟ್ಟಿದ್ರ ಇವತ್ತ ಮನಿಯಾಗ ಇರತಿದ್ರು."

* * *

ಭೂಪಾಲರ ಅಣ್ಣನ ಮಗಳು, ಎಲುಬಿನ ವೈದ್ಯೆ ಮೃಣಾಲ ಇಬ್ಬರ ಹಳೆಯ ಎಕ್ಸ್‌ರೇಗಳನ್ನೂ ಬೆಳಕಿಗೆ ಹಿಡಿದಳು.

"ಅಮರಗ ಕೊಕ್ಕಿ ಇರೋ ಉಕ್ಕಿನ ಪಟ್ಟಿ ಹಾಕ್ಯಾರ. ಕೊಕ್ಕಿ ಭುಜದ ಎಲುಬಿನ ಕೆಳಗ ಕುಂತೈತಿ. ಕೀಲು ಗಟ್ಟಿ ಹಿಡೀತೈತಿ, ಆದ್ರ ಅದನ್ನ ತಗಿಯೋತನಾ ಕೈ ಏಳೂದಿಲ್ಲ. ಅಂವ ಇನ್ನೂ ತಗಿಸಿಲ್ಲ. ದಿಲೀಪಗ ಲೋಹದ ಎರಡು ಗುಂಡಿ, ನಡುವ ದಾರ. ಅದು ಕೈ ತಡಿಯೂದಿಲ್ಲ."

"ಯಾವುದು ಚಲೋ?"

"ಎರಡೂ ಕೀಲು ಕೂಡಸ್ತಾವ ಕಾಕಾ. ಕೊಡಲಿ ಬೀಸಾಕ ಯಾವುದು ಚಲೋ ಅಂತ ನಾವು ನೋಡಿಲ್ಲ."

ಭೂಪಾಲರು ನಗಲಿಲ್ಲ. ಹೆಣದ ಗಾಯಗಳು ಅವರನ್ನು ಕಾಡುತ್ತಿದ್ದವು. ಎಲ್ಲವೂ ಅಡ್ಡ ಕಚ್ಚುಗಳು; ಒಂದೂ ಆಳವಿಲ್ಲ. ತೋಳು ಪೂರ್ತಿ ಏಳುವವನು ಹೀಗೆ ಕೊಚ್ಚುವನೇ?

* * *

ಅವರು ಮತ್ತೆ ದೊಡ್ಡಿಗೆ ಹೋದರು. ಹಿಂಡಿನ ನಡುವೆ ಒಂದು ಕುರಿ ವಿಕಾರವಾಗಿ ಕಂಡಿತು. ಒಂದು ಮಗ್ಗುಲು ಬೋಳು, ಇನ್ನೊಂದು ಮಗ್ಗುಲಲ್ಲಿ ಉಣ್ಣೆ ಹಾಗೇ ಇತ್ತು. ಕಾಲುಗಳಲ್ಲಿ ಹಗ್ಗ ಬಿಗಿದ ಗುರುತು.

ಉಣ್ಣೆ ಕತ್ತರಿಸುವವನು ನಿಲ್ಲುವುದಿಲ್ಲ. ಕಾಲು ಕಟ್ಟಿದ ಕುರಿಯನ್ನು ಮಂಡಿಯಡಿ ಒತ್ತಿ, ಕುಳಿತು, ತಲೆ ಬಗ್ಗಿಸುತ್ತಾನೆ. ಹೆಣದ ಪಕ್ಕ ಕತ್ತರಿ ಬಿದ್ದಿತ್ತು. ದೊಡ್ಡಿಯಲ್ಲಿ ಇರುವಂಥದೇ ಎಂದು ಅದನ್ನು ಕಡೆಗಣಿಸಿದ್ದವರು ಸ್ವತಃ ಭೂಪಾಲರೇ.

ಅದೇ ಸಂಜೆ ಅವರು ಅಮರನ ಭುಜಕ್ಕೆ ಹೊಸ ಎಕ್ಸ್‌ರೇ ತೆಗೆಸಿದರು.

* * *

"ನಿಂತ ಶಿದ್ರಾಮನ ನೆತ್ತಿ ನಿನಗ ಎಟಕತಿರಲಿಲ್ಲ," ಎಂದರು ಭೂಪಾಲರು. "ಕುಂತವನ ನೆತ್ತಿ ನಿನ್ನ ಟೊಂಕದ ಮಟ್ಟಕ್ಕಿತ್ತು. ಕೈ ಏಳದ್ದಕ್ಕ ಅಡ್ಡ ಬೀಸಿದಿ. ಒಂದ ಏಟಿಗೆ ಸಾಯಲಿಲ್ಲ, ಕೊಚ್ಚಕೋಂತ ಹೋದಿ. ಆ ಪೆಟ್ಟಿಗೆ ಕೊಕ್ಕಿ ನಿನ್ನ ಎಲುಬನ್ನ ಕೊರದೈತಿ, ಒಂದು ಸ್ಕ್ರೂ ಕಿತ್ತು ಬಂದೈತಿ. ದಿಲೀಪನ ಭುಜದಾಗ ದಾರ ಸೈತ ಸಡ್ಲಾಗಿಲ್ಲ."

ಅಮರ ಭುಜ ಒತ್ತಿಕೊಂಡ.

"'ಪಟಕಾ ಇವತ್ತೂ ಹೇಣ್ತೀನ ಸುತ್ತಿದ್ಲೇನಲೇ' ಅಂದ ಶಿದ್ರಾಮ. ಕೈ ಎತ್ತಿ ತೋರಸು ಅಂದ. ಕತ್ತರಿ ಆಡಿಸಿಕೋತನ ನಕ್ಕ."

"ಕೊಂದ ಮ್ಯಾಲ ಕುರಿ ಯಾಕ ಬಿಚ್ಚಿದಿ?"

"ಕಾಲು ಕಟ್ಟಿದ ಕುರಿ ಬಿಟ್ಟು ಹ್ಯಾಂಗ ಬರೂದ್ರಿ? ಅದೇನ ಮಾಡಿತ್ತು?"

"ನಿನ್ನ ತಮ್ಮ ಏನ ಮಾಡಿದ್ದ?"

ಭೂಪಾಲರು ಕೋಣೆಯ ಬೀಗ ತೆಗೆಸಿದರು. ದಿಲೀಪ ಅಣ್ಣನ ಮುಂದೆಯೇ ಹಾಯ್ದು ಛಾಯಾಳ ಕಡೆಗೆ ನಡೆದ, ತಿರುಗಿ ನೋಡಲಿಲ್ಲ.