ಬಿಸಿಸೂಜಿ

ಬೆಳಗಿನ ಏಳು ಗಂಟೆಗೆ ಬಿಳಿಗುಡ್ಡದ ಠಾಣೆಯಲ್ಲಿ ಉಷ್ಣಾಂಶ ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗಿತ್ತು. ಕಂಪನಿಯ ಎಪ್ಪತ್ತು ಮಂದಿ ಜವಾನರು ಎಡತೋಳನ್ನು ಭುಜದವರೆಗೆ ಬರಿದು ಮಾಡಿಕೊಂಡು ಬಯಲಿನಲ್ಲೇ ಸಾಲಾಗಿ ನಿಂತಿದ್ದರು. ಯಾರೂ ನಡುಗುತ್ತಿರಲಿಲ್ಲ. ತೋಳಿನ ಮೇಲೆ ಬಿದ್ದ ಹಿಮ ಕರಗಿ, ನೀರಾಗಿ ಇಳಿದು, ನೆಲ ಮುಟ್ಟುವಷ್ಟರಲ್ಲಿ ಮತ್ತೆ ಹೆಪ್ಪುಗಟ್ಟುತ್ತಿತ್ತು. ವೈದ್ಯಕೀಯ ಸಹಾಯಕ ಒಬ್ಬೊಬ್ಬರಿಗೂ ಸೂಜಿ ಚುಚ್ಚುತ್ತ ಬರುತ್ತಿದ್ದ. ಅವನ ಹಿಂದೆ ಸುಬೇದಾರ್ ಅಡಿವೆಪ್ಪ ತಳವಾರ ಜವಾನರ ಹೆಸರು ಕೂಗುತ್ತಿದ್ದ.

ತುಸು ದೂರದಲ್ಲಿ ಬರಿಯ ಸ್ವೆಟರ್ ತೊಟ್ಟು ನಿಂತಿದ್ದ ಹೆಂಗಸು ಡಾಕ್ಟರ್ ಸುಹಾಸಿನಿ ಕಿಣಿ. ಆ ಸೂಜಿಯೊಳಗಿನ ಮದ್ದನ್ನು ಕಂಡುಹಿಡಿದವರು ಅವರೇ. ಕಾಗದದಲ್ಲಿ ಅದರ ಹೆಸರು ಊಷ್ಮಕ. ಜವಾನರ ಬಾಯಲ್ಲಿ ಬಿಸಿಸೂಜಿ. ಮೂರು ಚಳಿಗಾಲಗಳಿಂದ ಅದು ಬಳಕೆಯಲ್ಲಿದ್ದರೂ ಯುದ್ಧಭೂಮಿಯಲ್ಲಿ ಅದರ ಕೆಲಸವನ್ನು ಅವರು ಕಣ್ಣಾರೆ ಕಾಣುತ್ತಿದ್ದುದು ಇದೇ ಮೊದಲು. ಎರಡು ಸಾವಿರದ ಐವತ್ತೆಂಟರ ಜನವರಿ ಅದು.

ಹಸುಗೂಸುಗಳ ಕತ್ತಿನ ಸುತ್ತ ಕಂದುಬಣ್ಣದ ಒಂದು ಬಗೆಯ ಕೊಬ್ಬು ಇರುತ್ತದೆ. ನಡುಗಲು ಬಾರದ ಕೂಸಿನ ಮೈಯನ್ನು ಬೆಚ್ಚಗಿಡುವ ಒಲೆ ಅದು. ದೊಡ್ಡವರಾದಂತೆ ಆ ಒಲೆ ಆರುತ್ತ ಬರುತ್ತದೆ. ಊಷ್ಮಕ ಅದನ್ನು ಮತ್ತೆ ಹೊತ್ತಿಸಿ ಹತ್ತು ದಿನ ಉರಿಸುತ್ತಿತ್ತು. ಜೊತೆಗೆ ಧ್ರುವಸಮುದ್ರದ ಮೀನಿನ ರಕ್ತದಿಂದ ತೆಗೆದ ಒಂದು ಪ್ರೋಟೀನು ಅದರಲ್ಲಿತ್ತು. ಬೆರಳ ತುದಿಯ ಕೂದಲೆಳೆಯಂಥ ರಕ್ತನಾಳಗಳಲ್ಲಿ ಮಂಜಿನ ಹರಳು ಕಟ್ಟದಂತೆ ಅದು ತಡೆಯುತ್ತಿತ್ತು. ಮೈ ಒಲೆಯಾದ ಮೇಲೆ ಸೌದೆ ಬೇಕಲ್ಲ? ಒಬ್ಬ ಜವಾನ ಮೂವರ ಊಟ ಉಣ್ಣುತ್ತಿದ್ದ.

ಸೂಜಿಯ ಸಾಲು ಕರಗಿದ ಮೇಲೆ ಡಾಕ್ಟರೂ ಸುಬೇದಾರನೂ ಬಂಕರಿನ ಬಾಯಲ್ಲಿ ಚಹಾ ಹಿಡಿದು ಕುಳಿತರು.

"ಒಂದು ಬೆರಳಾದ್ರೂ ಹೋದದ್ದುಂಟಾ ಸುಬೇದಾರ್ ಸಾಹೇಬ್ರೇ, ಈ ಮೂರು ವರ್ಷದಲ್ಲಿ?" ಎಂದು ಕಿಣಿ ಕೇಳಿದರು.

"ಒಂದೂ ಇಲ್ರಿ ಮೇಡಂ. ನಂದ ಮೂರು ಹೋಗ್ಯಾವ, ಅವು ಹಳೇವು." ಅಡಿವೆಪ್ಪ ತನ್ನ ಎಡಗಾಲಿನ ಬೂಟನ್ನು ತೋರಿಸಿದ. ಸಿಪಾಯಿಯಾಗಿ ಸೇರಿದ ಎರಡನೆಯ ವರ್ಷ ಮೂರು ಬೆರಳು ಕಪ್ಪಾಗಿ ಉದುರಿದ್ದವು. ಅಂದಿನಿಂದ ಆ ಜಾಗಕ್ಕೆ ಹತ್ತಿ ತುರುಕಿಕೊಂಡು ನಡೆಯುತ್ತಿದ್ದ.

ಕಿಣಿ ಆ ಬೂಟನ್ನೇ ನೋಡುತ್ತ ಹೇಳಿದರು. "ಕೆಳಗಿನ ಆಸ್ಪತ್ರೆಯಲ್ಲಿ ನಾನು ಹೊಸ ಡಾಕ್ಟರ್ ಆಗಿದ್ದೆ. ಒಂದೇ ಚಳಿಗಾಲದಲ್ಲಿ ನೂರಾ ಹದಿನಾಲ್ಕು ಬೆರಳು ಕತ್ತರಿಸಿದ್ದೇನೆ. ಒಬ್ಬ ತಬಲಾ ಬಾರಿಸುವವ ಇದ್ದ. ಎಚ್ಚರ ಬಂದ ಮೇಲೆ ಕೈ ನೋಡಿಕೊಂಡ, ಏನೂ ಕೇಳಲಿಲ್ಲ. ಅವ ಬೈದಿದ್ದರೆ ನಾನು ಈ ಕೆಲಸಕ್ಕೆ ಇಳೀತಾ ಇರಲಿಲ್ಲವೋ ಏನೋ."

ಅಡಿವೆಪ್ಪನಿಗೆ ಆಕೆಯ ಕಾಲುಮುಟ್ಟಬೇಕು ಅನ್ನಿಸಿತು. ಅದೇ ಗಳಿಗೆಯಲ್ಲಿ ನಾಲಗೆ ತುದಿಗೆ ಇನ್ನೊಂದು ಮಾತೂ ಬಂತು. ಅದನ್ನು ಚಹಾದ ಜೊತೆ ನುಂಗಿಕೊಂಡ.

ಆ ಮಾತು ಹಳೆಯ ಚಳಿಗಾಲಗಳದು. ಬಿಸಿಸೂಜಿ ಬರುವ ಮೊದಲು, ದೀಪಾವಳಿ ಮುಗಿದು ಮೊದಲ ದೊಡ್ಡ ಹಿಮ ಬಿತ್ತೆಂದರೆ ಪಲ್ಟನ್ ಗುಡ್ಡ ಇಳಿಯುತ್ತಿತ್ತು. ಗಡಿಯ ಆಚೆಯವರೂ ಇಳಿಯುತ್ತಿದ್ದರು. ಯಾರೂ ಒಪ್ಪಂದ ಬರೆದಿರಲಿಲ್ಲ, ಯಾರೂ ಮುರಿಯುತ್ತಲೂ ಇರಲಿಲ್ಲ. ಕಾವಲಿಗೆ ಉಳಿದ ಕೆಲವರ ಬೆರಳು ಹೋಗುತ್ತಿದ್ದವು, ಒಮ್ಮೊಮ್ಮೆ ಜೀವವೂ. ಉಳಿದವರಿಗೆ ರಜೆ. ಪಲ್ಟನ್ನಿನವರ ಮಕ್ಕಳೆಲ್ಲ ಹೆಚ್ಚುಕಡಿಮೆ ನವರಾತ್ರಿಯ ಆಸುಪಾಸಿನಲ್ಲೇ ಹುಟ್ಟಿದವರು. ಅಡಿವೆಪ್ಪನ ಇಬ್ಬರು ಹೆಣ್ಣುಮಕ್ಕಳೂ ಹಾಗೆಯೇ. ರಾಜಧಾನಿಗಳಲ್ಲಿ ದೊಡ್ಡವರು ಮಾತುಕತೆಗೆ ಕೂರುತ್ತಿದ್ದದ್ದೂ ಆ ನಾಲ್ಕು ತಿಂಗಳಲ್ಲೇ. ಎರಡು ಸಲ ಆ ಮಾತುಕತೆ ಫಲಿಸಿ, ಚೈತ್ರದಲ್ಲಿ ಮೇಲೆ ಹತ್ತಿದ ಪಲ್ಟನ್ ಒಂದು ಗುಂಡೂ ಹಾರಿಸದೆ ವರ್ಷ ಕಳೆದದ್ದುಂಟು.

ಈಗ ಹನ್ನೆರಡು ತಿಂಗಳೂ ಒಂದೇ. ನಸುಕಿನಲ್ಲಿ ಬಂದೂಕು ಹಿಡಿದು ಮೋರ್ಚೆಯಲ್ಲಿ ನಿಲ್ಲುವುದು. ಎಂಟಕ್ಕೆ ಆಚೆಯವರ ಡ್ರೋನು ಬಂದು ಸುತ್ತಿ ಹೋಗುವುದು, ಒಂಬತ್ತಕ್ಕೆ ಶೆಲ್ಲು. ಹರಿದ ತಂತಿಯನ್ನು ಜೋಡಿಸಲು ನಾಲ್ವರು, ರೇಷನ್ ತರಲು ಹತ್ತು ಮಂದಿ, ಕಣಿವೆಯ ಅಂಚಿಗೆ ಗಸ್ತು ಎಂಟು ಮಂದಿ. ಸಂಜೆಗೆ ತಲೆ ಎಣಿಸುವುದು. ಈ ಸಲ ದೀಪಾವಳಿಯಿಂದ ಈಚೆಗೆ ಎಣಿಕೆಯಲ್ಲಿ ನಲವತ್ತೊಂದು ತಲೆ ಕಡಿಮೆಯಾಗಿದ್ದವು. ಸತ್ತವರೆಲ್ಲರ ಕೈಕಾಲುಗಳಲ್ಲೂ ಬೆರಳುಗಳು ನೆಟ್ಟಗಿದ್ದವು.

ಅಂದು ಗಸ್ತಿಗೆ ಹೊರಟವನು ಹವಾಲ್ದಾರ್ ಚೆಂಗಪ್ಪ. ಕೊಡಗಿನವನು. ಅಡಿವೆಪ್ಪ, ಅವನು ಒಂದೇ ದಿನ ಭರ್ತಿಯಾದವರು. ಜನರೆದುರು ಚೆಂಗಪ್ಪ ಅಡಿವೆಪ್ಪನಿಗೆ 'ಸಾಬ್' ಅನ್ನುತ್ತಿದ್ದ, ಇಬ್ಬರೇ ಇದ್ದಾಗ ಹೆಸರು ಹಿಡಿದು ಕರೆಯುತ್ತಿದ್ದ.

"ಡಾಕ್ಟರಮ್ಮನಿಗೆ ನನ್ನ ಪಾಲಿನ ಕೋಳಿಸಾರು ಇಡೋಕೆ ಹೇಳು ಮಾರಾಯ. ಅವರ ಸೂಜಿಯಿಂದ ನಾನು ಹಂದಿ ಹಾಗೆ ತಿಂತಾ ಇದ್ದೇನೆ, ಸ್ವಲ್ಪ ಅವರೂ ತಿನ್ನಲಿ" ಎಂದು ನಗುತ್ತ ಹೋದ.

ಹನ್ನೊಂದರ ಹೊತ್ತಿಗೆ ಕಣಿವೆಯ ಅಂಚಿನಲ್ಲಿ ಗುಂಡಿನ ಸದ್ದು ಕೇಳಿತು. ಅದರ ಹಿಂದೆಯೇ ಎರಡು ಶೆಲ್ಲು. ವಯರ್‌ಲೆಸ್ಸಿನಲ್ಲಿ ಬರಿಯ ಗೊರಗೊರ. ಅಡಿವೆಪ್ಪ ಆರು ಮಂದಿಯನ್ನು ಕಟ್ಟಿಕೊಂಡು ಸೊಂಟದುದ್ದದ ಹಿಮದಲ್ಲಿ ಓಡಿದ. ನಮ್ಮ ಗಸ್ತೂ ಆಚೆಯವರ ಗಸ್ತೂ ಎದುರುಬದುರು ಸಿಕ್ಕಿಬಿದ್ದಿದ್ದವು. ಶೆಲ್ಲು ಯಾರದೋ, ಇಬ್ಬರ ಮೇಲೂ ಬಿದ್ದಿತ್ತು. ಚೆಂಗಪ್ಪ ತೊಡೆ ಹಿಡಿದುಕೊಂಡು ಒರಗಿದ್ದ. ಅವನ ಸುತ್ತಲಿನ ಹಿಮ ಬಿಸಿರಕ್ತಕ್ಕೆ ಕರಗಿ ಬಾವಿಯಂತೆ ಕುಸಿದಿತ್ತು. ಇಪ್ಪತ್ತು ಹೆಜ್ಜೆ ಆಚೆ ಬೇರೆ ಸಮವಸ್ತ್ರದವನೊಬ್ಬ ಹೊಟ್ಟೆ ಹಿಡಿದು ನರಳುತ್ತಿದ್ದ. ಅಡಿವೆಪ್ಪ ಇಬ್ಬರನ್ನೂ ಸ್ಟ್ರೆಚರಿಗೆ ಹಾಕಿಸಿದ.

ಬಂಕರಿನಲ್ಲಿ ಡಾಕ್ಟರ್ ಕಿಣಿ ಚೆಂಗಪ್ಪನ ತೊಡೆಗೆ ಬಿಗಿಪಟ್ಟಿ ಕಟ್ಟಿದರು. ಗಾಯ ತೀರ ಮೇಲಿತ್ತು, ಪಟ್ಟಿ ನಿಲ್ಲಲಿಲ್ಲ. ಎರಡೂ ಕೈಯಿಂದ ಒತ್ತಿ ಹಿಡಿದರು. ರಕ್ತ ಬೆರಳುಗಳ ಸಂದಿಯಿಂದ ಬರುತ್ತಲೇ ಇತ್ತು.

"ಇಷ್ಟು ಚಳಿಯಲ್ಲಿ ನಾಳಗಳು ಬಿಗಿಯಬೇಕಿತ್ತು. ಅಷ್ಟಾದರೂ ತಡೀತಿತ್ತು..." ಎಂದು ಅವರು ತಮ್ಮಷ್ಟಕ್ಕೇ ಹೇಳಿಕೊಂಡರು. ಮೈಯನ್ನು ಬಿಸಿಯಾಗಿಟ್ಟು ನಾಳಗಳು ಬಿಗಿಯದಂತೆ ಮಾಡಿದ್ದು ತಮ್ಮದೇ ಮದ್ದು.

ಚೆಂಗಪ್ಪ ಕಣ್ಣು ತೆರೆದು ಅಡಿವೆಪ್ಪನನ್ನು ಹುಡುಕಿದ. "ಸಾಯುವಾಗ ಚಳಿ ಆಗ್ತದೆ ಅಂತಿದ್ರು ನಮ್ಮ ತಾತ. ನಂಗೆ ಏನೂ ಆಗ್ತಾ ಇಲ್ಲ ಅಡಿವೆಪ್ಪ. ಬೆಚ್ಚಗೇ ಉಂಟು."

"ಸಾಯೂದಿಲ್ಲ ಸುಮ್ನಿರೋ" ಎಂದ ಅಡಿವೆಪ್ಪ. ಆ ಮಾತು ಮುಗಿದಾಗ ಕೇಳಲು ಚೆಂಗಪ್ಪ ಇರಲಿಲ್ಲ. ಒಂದು ಗಂಟೆ ಕಳೆದರೂ ಅವನ ಕೈ ಜೀವಂತ ಮನುಷ್ಯನ ಕೈಯಷ್ಟೇ ಬಿಸಿಯಾಗಿತ್ತು. ಅಡಿವೆಪ್ಪನಿಗೆ ಅದನ್ನು ಬಿಡಲು ಧೈರ್ಯವಾಗಲಿಲ್ಲ.

ಕಿಣಿ ಅಷ್ಟರಲ್ಲಿ ಆಚೆಯವನ ಕಡೆ ತಿರುಗಿದ್ದರು. ಕತ್ತರಿಯಿಂದ ಅವನ ತೋಳಿನ ಬಟ್ಟೆ ಸೀಳಿದವರು ಹಾಗೇ ನಿಂತುಬಿಟ್ಟರು. ಎಡತೋಳಿನ ಮೇಲೆ ಸಾಲಾಗಿ ಸಣ್ಣ ಕೆಂಪು ಚುಕ್ಕೆಗಳು, ಹತ್ತು ದಿನಕ್ಕೊಂದರಂತೆ ಚುಚ್ಚಿದ ಗುರುತುಗಳು.

"ಇವರ ಹತ್ರಾನೂ ಉಂಟಾ?"

"ಹೋದ ವರ್ಷದಿಂದ ಐತ್ರಿ ಮೇಡಂ."

"ಮತ್ತೆ ನೀವು ಮೇಲಿನವರಿಗೆ ಹೇಳಲಿಲ್ವಾ?"

"ಆರು ಸಲ ಬರದು ಕಳಿಸೀವ್ರಿ. ನಿಮಗ ಹೇಳಿರಬೇಕಂತ ತಿಳಿದಿದ್ದೆ."

ಅವರಿಗೆ ಯಾರೂ ಹೇಳಿರಲಿಲ್ಲ. ಹೊಟ್ಟೆಯ ಗಾಯ ಹೊಲಿದು, ಕೈ ತೊಳೆದುಕೊಂಡು, ಚೆಂಗಪ್ಪನ ಸ್ಟ್ರೆಚರಿನ ಪಕ್ಕ ನೆಲದ ಮೇಲೇ ಕೂತರು. ಆಚೆಯವನು ಉಳಿದುಕೊಳ್ಳುವ ಹಾಗಿದ್ದ.

"ನಾನು ಕೆಳಗೆ ಹೋಗಿ ಇದನ್ನು ನಿಲ್ಲಿಸ್ತೇನೆ" ಎಂದರು.

ಬೆಳಿಗ್ಗೆ ನುಂಗಿದ್ದ ಮಾತನ್ನು ಅಡಿವೆಪ್ಪ ಈಗ ಹೊರಗೆ ಹಾಕಿದ. "ಹೆಂಗ ನಿಲ್ಲಸ್ತೀರಿ? ನೀವು ನಮಗ ಸೂಜಿ ಕೊಡೂದು ಬಿಟ್ರ ಹತ್ತು ದಿನದಾಗ ನಾವು ಗುಡ್ಡ ಇಳೀಬೇಕು, ಅವರು ಬಂದು ಕುಂಡ್ರತಾರ. ಅವರು ಬಿಟ್ರ ನಾವು ಹೋಗಿ ಕುಂಡ್ರತೀವಿ. ಮೊದಲ ಬಿಡಾವ್ರು ಯಾರ್ರಿ? ಮೊದಲೆಲ್ಲಾ ಚಳಿ ಇಬ್ರಿಗೂ ಒಮ್ಮೆಗೇ ಬರತಿತ್ತು. ಅದು ಇವರು ಅವರು ಅಂತಿರಲಿಲ್ಲ. ನೀವು ನನ್ನಂಥಾವರ ಬೆರಳ ಉಳಿಸಿದ್ರಿ, ನಾ ಇಲ್ಲ ಅನ್ನೂದಿಲ್ಲ. ಖರೇ ಹೇಳಬೇಕಂದ್ರ, ಮೂರು ಬೆರಳ ಕೊಟ್ಟು ವರ್ಷಕ್ಕ ನಾಲ್ಕು ತಿಂಗಳು ಜೀವ ಉಳಿಸಿಕೊಳ್ತಿದ್ವಿ ನಾವು. ಸೋವಿ ಇತ್ರಿ ಅದು."

ಕಿಣಿ ತಮ್ಮ ಎಡತೋಳನ್ನು ಬಲಗೈಯಿಂದ ಉಜ್ಜತೊಡಗಿದರು, ಅಲ್ಲಿದ್ದ ಸೂಜಿಯ ಗುರುತು ಅಳಿಸಿಹೋದೀತೇನೋ ಎಂಬಂತೆ.

ಮರುದಿನ ಹೆಲಿಕಾಪ್ಟರಿನಲ್ಲಿ ಚೆಂಗಪ್ಪನ ದೇಹ, ಸೆರೆಯಾಳು, ಡಾಕ್ಟರು ಮೂವರೂ ಕೆಳಗಿಳಿದರು. ಆಕೆ ಮಾತು ತಪ್ಪಲಿಲ್ಲ. ಎರಡೂ ಕಡೆಯವರು ಒಂದೇ ದಿನ ಊಷ್ಮಕವನ್ನು ಕೈಬಿಡಬೇಕೆಂದು ಬರೆದರು, ಆಚೆಯ ವಿಜ್ಞಾನಿಗಳಿಗೂ ಪತ್ರ ಕಳಿಸಿದರು. ಶತ್ರುಗಳೊಡನೆ ಪತ್ರವ್ಯವಹಾರ ನಡೆಸಿದ ತಪ್ಪಿಗೆ ಪ್ರಯೋಗಾಲಯದ ಕೀಲಿಯನ್ನು ಅವರಿಂದ ಕಿತ್ತುಕೊಂಡರು. ಮದ್ದು ತಯಾರಾಗುತ್ತಲೇ ಹೋಯಿತು. ಒಮ್ಮೆ ಗೊತ್ತಾದ ವಿದ್ಯೆಗೆ ಕಂಡುಹಿಡಿದವರ ಹಂಗಿರುವುದಿಲ್ಲ.

ಅಡಿವೆಪ್ಪ ಇನ್ನೂ ನಾಲ್ಕು ಚಳಿಗಾಲ ಗುಡ್ಡದ ಮೇಲೆ ಕಳೆದು, ನಿವೃತ್ತನಾಗಿ ಘಟಪ್ರಭೆಯ ದಂಡೆಯ ತನ್ನ ಊರಿಗೆ ಬಂದ. ಇಪ್ಪತ್ತು ವರ್ಷ ಕಳೆದರೂ ಯುದ್ಧ ಇನ್ನೂ ನಡೆಯುತ್ತಿತ್ತು. ಒಂದು ದಿನ ಊರಿನ ಶಾಲೆಯವರು ಸೈನಿಕರ ಬಗ್ಗೆ ನಾಲ್ಕು ಮಾತಾಡಿರೆಂದು ಅವನನ್ನು ಕರೆದೊಯ್ದರು. ಅವನು ಗಸ್ತಿನ ಬಗ್ಗೆ, ರೇಷನ್ ಹೊರುವ ಬಗ್ಗೆ, ಚೆಂಗಪ್ಪನ ಬಗ್ಗೆ ಹೇಳಿದ. ಮಾತಿನ ಭರದಲ್ಲಿ, ಹಿಂದೆಲ್ಲ ಚಳಿಗಾಲ ಬಂದರೆ ಯುದ್ಧ ನಿಲ್ಲುತ್ತಿತ್ತು ಎಂದ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ನಿಲ್ಲತಿತ್ತಾ? ಯಾಕ್ರಿ ಅಜ್ಜಾ?"

"ಚಳಿ ಆಗತಿತ್ತವ್ವಾ ಎಲ್ಲಾರಿಗೂ."

ಇಡೀ ತರಗತಿ ಗೊಳ್ಳೆಂದು ನಕ್ಕಿತು. ಮಾಸ್ತರರೂ ನಗು ತಡೆಯಲಾರದೆ ಮುಖ ಆಚೆ ತಿರುಗಿಸಿದರು. ಮುದುಕ ತಮಾಷೆ ಮಾಡುತ್ತಿದ್ದಾನೆಂದು ಅವರೆಲ್ಲ ತಿಳಿದಿದ್ದರು.