ಬೇವಿನ ಮರದ ಸುತ್ತುದಾರಿ

ಬೇವಿನ ಮರದ ಕೆಳಗೆ ಫೈಲು ಹಿಡಿದು ಕೂತವನು ಮತ್ತೆ ತಲೆಯೆತ್ತಿ ನೋಡಿದ. ಕಟ್ಟಡದ ಮೇಲೆ ನಿಂತಿದ್ದ ಈಶ್ವರಿ ಗಾಬರಿಯಿಂದ ಕೊಡ ಬಗ್ಗಿಸಿದಳು. ಭಾಲ್ಕಿಯಲ್ಲಿ ಕಟ್ಟುತ್ತಿದ್ದ ಹೊಸ ಹಾಸ್ಟೆಲ್ಲಿನ, ದಿನವೂ ನೀರುಣಿಸಬೇಕಾದ ಹಸಿ ಸ್ಲ್ಯಾಬ್ ಆಗಲೇ ಕೆರೆಯಾಗಿತ್ತು.

“ಏ ಪೋರಿ, ಮೀನ ಸಾಕ್ತೀ ಏನ ಇಲ್ಲಿ?” ಜೊತೆಗೆ ಕೂಲಿ ಮಾಡುವ ಸಖುಬಾಯಿ ಇಟ್ಟಿಗೆ ಇಳಿಸಿ ನಕ್ಕಳು.

“ಅಂವ ನೋಡ್ಲಿಕತ್ತಾನ, ಮೌಶಿ. ಖಾಲಿ ನಿಂತವ್ರನ್ನ ಕೆಲಸದಿಂದ ತೆಗೀತಾರಂತ.”

ಆರನೇ ಇಯತ್ತೆಗೇ ಸಾಲೆ ಬಿಟ್ಟು ಹತ್ತು ವರ್ಷ ಕಳೆದವಳು ಈಶ್ವರಿ. ಈ ಕೆಲಸವೂ ಹೋದರೆ ಸಂತಪುರದ ಬಸ್ಸು ಹತ್ತಿ ಮನೆಗೆ ಮರಳುವುದೊಂದೇ ದಾರಿ.

ಅಷ್ಟರಲ್ಲಿ ಅವನೇ ಮೇಲೆ ಬಂದ.

“ನಾ ಅಮೋಲ್ ಅಂತ. ಬೀದರದಾಗ ಓದ್ತೇನಿ. ನಾ ನೋಡಿದಾಗಷ್ಟೇ ನೀವು ನೀರು ಸುರುವಿದ್ರ ನನ್ನ ರಿಸರ್ಚ್ ಕೆಡ್ತದರಿ.”

“ನಮ್ಮ ಕೆಲಸ...?”

“ಯಾರದೂ ಹೋಗಂಗಿಲ್ಲ. ಕಟ್ಟಡ ಕಟ್ಟೂದ್ರಾಗ ಹೊತ್ತು ಎಲ್ಲಿ ಕಳೀತದ ಅಂತ ಹುಡುಕ್ಲಿಕತ್ತೇನಿ.”

“ಕಳದದ್ದು ಸಿಕ್ತೇನ್ರಿ?” ಕೇಳಿದ ಮೇಲೆ ತನ್ನ ದನಿಗೆ ತಾನೇ ಬೆಚ್ಚಿದಳು.

ಅವನು ನಕ್ಕು, ಅಂಚಿನಿಂದ ಕೆಳಗೆ ಬೆರಳು ತೋರಿಸಿದ. ಉಸುಕು ಮಿಕ್ಸರಿಗೆ, ಇಟ್ಟಿಗೆ ಕೈಯಿಂದ ಕೈಗೆ. ಒಬ್ಬಳು ತಡೆದರೆ ಗೋಡೆಯ ಮೇಲಿನ ಮಿಸ್ತ್ರಿಯ ಕರಣಿಯೂ ನಿಲ್ಲುತ್ತಿತ್ತು. ಇಷ್ಟು ದಿನ ಈಶ್ವರಿ ಕಂಡದ್ದು ಬರೀ ತನ್ನ ಕೊಡದ ಬಾಯಿ. ಈಗ ಇಡೀ ಕಟ್ಟಡ ಒಂದೇ ಜೀವದಂತೆ ಉಸಿರಾಡುತ್ತಿತ್ತು.

“ನೀರಿನ ಟಾಕಿ ಅಲ್ಲೆಲ್ಲೋ ಗೋಡಿ ಹಿಂದದ. ನಿಮ್ಮ ಅರ್ಧ ದಿನ ನಡಿಯೂದ್ರಾಗೇ ಹೋಗ್ತದ.”

“ನಾ ನಡಿಯೂದನ್ನೂ ಯಾರರ ನೋಡ್ತಾರೇನ್ರಿ?”

ಅಮೋಲನ ಕಿವಿ ಕೆಂಪಾಯಿತು.

ಅಂದಿನಿಂದ ಈಶ್ವರಿ ಟಾಕಿಗೆ ಬೇರೆಯೇ ದಾರಿ ಹಿಡಿದಳು. ಅದು ಸುತ್ತಾದರೂ ಬೇವಿನ ಮರದ ಪಕ್ಕದಲ್ಲೇ ಹಾಯುತ್ತಿತ್ತು.

“ಭಾರ ಅದ ಏನ್ರಿ?” ಅವನು ಕೇಳುವನು.

“ಬರೀ ನೀರೇ ಅದರಿ,” ಅನ್ನುವಳು. ಅಷ್ಟರಲ್ಲೇ ಅವನ ಕಣ್ಣಂಚಿನ ನಗುವನ್ನು ಕದ್ದು ನೋಡಿಬಿಡುವಳು.

ಒಂದು ಮುಂಜಾನೆ ನೋಡಿದರೆ ಸ್ಲ್ಯಾಬಿನವರೆಗೂ ನೀರಿನ ಪೈಪು ಬಂದಿತ್ತು.

“ನಿನ್ನ ಸಾಹೇಬ ಹೇಳಿ ಹಾಕಿಸ್ಯಾನ. ಕಾಲು ಉಳದ್ವು ನೋಡು!” ಎಂದಳು ಸಖುಬಾಯಿ.

ಎಲ್ಲರೂ ಹಿಗ್ಗಿದರು. ಈಶ್ವರಿಯ ಎದೆ ಮಾತ್ರ ಬರಿದಾಯಿತು. ಇನ್ನು ಮರದ ಹತ್ತಿರ ಹೋಗಲು ಏನು ನೆಪ? ಪೈಪಿನಿಂದ ಧುಮುಕುವ ನೀರನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕೊಡ ಎತ್ತಿಕೊಂಡು ಕೆಳಗಿಳಿದು, ಹಳೆಯ ಟಾಕಿಯಲ್ಲೇ ತುಂಬಿಕೊಂಡು ಮರದ ಹತ್ತಿರ ಬಂದಳು.

ಅಮೋಲ್ ಎದ್ದು ನಿಂತ. “ಮ್ಯಾಲೆ ಪೈಪ್ ಬಂದದಲ್ರಿ! ಇನ್ನ ಈ ದಾರಿ ದಂಡ.”

“ದಂಡ ಅಲ್ರಿ.” ಅವಳ ಕಣ್ಣು ಕೊಡದ ನೀರಿನಲ್ಲೇ ಇತ್ತು. “ಈ ದಾರ್ಯಾಗ ನೀವಿರ್ತೀರಿ.”

ಹಿಂದೆ ಮಿಕ್ಸರ್ ಗುಡುಗುತ್ತಲೇ ಇತ್ತು. ಅವನು ಫೈಲು ಮುಚ್ಚಿ ಕುರ್ಚಿಯ ಮೇಲಿಟ್ಟ. ಅವಳ ಸೊಂಟದ ಕೊಡವನ್ನು ಮೆಲ್ಲಗೆ ತನ್ನ ಹೆಗಲಿಗೇರಿಸಿಕೊಂಡ. ಅಂಗಿ ತೊಯ್ದಿತು.

ಮೆಟ್ಟಿಲು ಎದುರಿಗೇ ಇತ್ತು. ಅಮೋಲ್ ಅವಳೊಂದಿಗೆ ಬೇವಿನ ಮರವನ್ನು ಸುತ್ತು ಹಾಕಿ ಹೊರಟ.